ಪ್ರಾರ್ಥನೆ ಗುಂಡುನಿರೋಧಕ ಕವಚವೇ?

ಕೊನೆಗೆ ನಾಯಕಿ ಬದುಕುಳಿಯುತ್ತಾಳೆ, ಕೊಲೆಗಾರ ಸಿಕ್ಕಿಬೀಳುತ್ತಾನೆ, ಪ್ರೀತಿಯೂ ಕೈಗೂಡುತ್ತದೆ. ಇಷ್ಟೆಲ್ಲ ಮೊದಲೇ ಗೊತ್ತಿದ್ದರೂ ಪ್ರೇಮ, ಪತ್ತೇದಾರಿಕೆ, ದೈವಭಕ್ತಿ ಮೂರೂ ಬೆರೆತ ಕ್ರೈಸ್ತ ಕಾದಂಬರಿಗಳಿಗೆ ಅಮೆರಿಕದಲ್ಲಿ ಓದುಗರೇಕೆ ಇಷ್ಟು? 2005ರಲ್ಲಿ ಹಾರ್ಲೆಕ್ವಿನ್ ಸಂಸ್ಥೆ ಇಂಥವಕ್ಕೆಂದೇ ‘ಲವ್ ಇನ್‌ಸ್ಪೈರ್ಡ್ ಸಸ್ಪೆನ್ಸ್’ ಎಂಬ ಮಾಲೆಯನ್ನೇ ಆರಂಭಿಸಿತು.

ಅಶ್ಲೀಲವಿಲ್ಲ, ಮನೆಮಂದಿಯೆಲ್ಲ ಓದಬಹುದು ಎಂಬುದು ಒಂದು ಕಾರಣ. ಅಷ್ಟೇ ಅಲ್ಲ. ಡೀ ಹೆಂಡರ್ಸನ್ ಅವರ ‘ದಿ ನೆಗೋಷಿಯೇಟರ್’ (2000) ಕಾದಂಬರಿಯ ಕೇಟ್, ಒತ್ತೆಯಾಳುಗಳ ಬಿಡುಗಡೆಗಾಗಿ ಅಪರಾಧಿಗಳೊಡನೆ ಮಾತುಕತೆ ನಡೆಸುವ ಪೊಲೀಸ್ ಅಧಿಕಾರಿ. ಅವಳನ್ನು ಮೆಚ್ಚಿದ ಎಫ್‌ಬಿಐ ಅಧಿಕಾರಿ ದೈವಭಕ್ತ. ಅವಳಿಗೋ ದೇವರಲ್ಲಿ ನಂಬಿಕೆಯಿಲ್ಲ. ಇಷ್ಟು ಕ್ರೌರ್ಯ ಕಂಡವಳು ನಂಬುವುದಾದರೂ ಹೇಗೆ? ಅಪರಾಧಿ ಯಾರೆಂಬ ಕುತೂಹಲಕ್ಕಿಂತ ಈ ಪ್ರಶ್ನೆಯೇ ನಮ್ಮನ್ನು ಹಿಡಿದಿಡುತ್ತದೆ.

ತೊಡಕಿರುವುದೂ ಇಲ್ಲೇ. ಪ್ರಾರ್ಥಿಸಿದವಳು ಪ್ರತಿ ಸಲವೂ ಬದುಕುಳಿದರೆ, ಪ್ರಾರ್ಥನೆ ಗುಂಡುನಿರೋಧಕ ಕವಚವಾಗಿಬಿಡುತ್ತದೆ. ಹಾಗಾದರೆ ಪ್ರಾರ್ಥಿಸುತ್ತಲೇ ಸತ್ತವರ ನಂಬಿಕೆ ಹುಸಿಯೇ? ಲಾಭವಿದ್ದರಷ್ಟೇ ಉಳಿಯುವ ನಂಬಿಕೆಯನ್ನು ನಾವು ವ್ಯಾಪಾರವೆಂದೇ ಕರೆಯಬೇಕಾಗುತ್ತದೆ.

ಅದೇ ಮಾಲೆಯಲ್ಲಿ ಇನ್ನೊಬ್ಬಳಿದ್ದಾಳೆ: ಅನಾಥಾಲಯದಲ್ಲಿ ಕೇಟ್‌ಗೆ ತಂಗಿಯಾಗಿ ದೊರೆತ ಜೆನ್ನಿಫರ್. ಅವಳಿಗೆ ಕ್ಯಾನ್ಸರ್. ಆ ಶತ್ರುವನ್ನು ಯಾವ ಪೊಲೀಸರೂ ಬಂಧಿಸಲಾರರು. ಆದರೂ ಅವಳು ದೇವರನ್ನು ನೆಚ್ಚುತ್ತಾಳೆ. ಕೊಲೆಗಾರನ ಹೆಸರು ಮರೆತ ಮೇಲೂ ನಮ್ಮ ನೆನಪಿನಲ್ಲಿ ಉಳಿಯುವವಳು ಅವಳೇ.