ನಿನ್ನಿನ ಮನ್ನವು ಇಂದಿಗಾಗದು



ಕುಡಿತವು ಕೇಡೆಂದು ನಮ್ಮ ಸಭೆಗಳಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾದದ್ದಿಲ್ಲ. ಕುಡಿಯುವವನೇ ಅದನ್ನು ಎಲ್ಲರಿಗಿಂತಲೂ ಚೆನ್ನಾಗಿ ಬಲ್ಲನು. ಆದಕಾರಣ ಈ ತಿಂಗಳು ನಾವು ಕುಡಿತದ ಕೇಡುಗಳನ್ನು ಎಣಿಸಹೊರಟಿಲ್ಲ. ಬೇರೊಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ. ಕುಡಿತವನ್ನು ಬಿಡಿಸೆಂದು ಕಣ್ಣೀರಿನಿಂದ ಪ್ರಾರ್ಥಿಸಿದವನು, ಕೆಲವು ವಾರ ಬಿಟ್ಟೂ ತೋರಿಸಿದವನು, ತಿರಿಗಿ ಬಿದ್ದರೆ, ಅವನ ಪ್ರಾರ್ಥನೆಯು ಸುಳ್ಳಾಗಿತ್ತೆನ್ನಬಹುದೋ? ಅಥವಾ ದೇವರು ಅವನಿಗೆ ಬಲವನ್ನು ಕೊಡಲಿಲ್ಲವೆನ್ನಬಹುದೋ? ಈ ಪ್ರಶ್ನೆಯು ಪುಸ್ತಕದಲ್ಲಿ ಹುಟ್ಟಿದ್ದಲ್ಲ. ನಮ್ಮ ಸಭೆಯ ಒಬ್ಬ ಸಹೋದರನ ಮನೆಯ ಜಗಲಿಯಲ್ಲಿ ನಮಗೆ ಎದುರಾದದ್ದು.

ಅವನು ಅಡಿಕೆ ತೋಟದಲ್ಲಿ ಕೂಲಿ ಮಾಡುವವನು. ಹೆಂಡತಿಯೂ ಇಬ್ಬರು ಮಕ್ಕಳೂ ಉಂಟು. ಚಟವು ಎಳೆಯ ಪ್ರಾಯದಲ್ಲಿ ಹತ್ತಿದ್ದು. ೨೦೦೭ನೆಯ ಇಸವಿಯ ಜುಲಾಯಿ ೧ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ಮಾರಾಟವು ನಿಷೇಧವಾದಾಗ ಅವನ ಹೆಂಡತಿಯು ದೇವರಿಗೆ ಸ್ತೋತ್ರಮಾಡಿದಳು. ಆದರೆ ಸಾರಾಯಿ ಹೋದಲ್ಲಿಗೆ ಬ್ರಾಂದಿ ಬಂತು. ಕುಡಿಯುವ ಸರಕು ಬದಲಾಯಿತು, ದಾಹವು ಬದಲಾಗಲಿಲ್ಲ. ಕೆಲವು ವರ್ಷಗಳ ಹಿಂದೆ ದಶಂಬರ ೩೧ರ ರಾತ್ರಿಯ ಆರಾಧನೆಯಲ್ಲಿ ಅವನು ಎದ್ದು ನಿಂತು, ಇನ್ನು ಮುಟ್ಟುವದಿಲ್ಲವೆಂದು ಸಭೆಯ ಮುಂದೆ ಪ್ರಮಾಣಮಾಡಿದನು. ನಾವು ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆವು, ಸಭೆಯವರು ಹಾಡಿದರು, ಎಲ್ಲರೂ ಸಂತೋಷದಿಂದ ಮನೆಗೆ ಹೋದೆವು. ಆ ಮೇಲೆ ಅವನ ಮನೆಗೆ ಯಾರೂ ಹೋಗಲಿಲ್ಲ. ಕೆಲಸವು ಮುಗಿಯಿತೆಂದು ನೆನಸಿದೆವು.

ಏಳನೆಯ ವಾರದ ಶನಿವಾರ, ಕೂಲಿಯ ಹಣವು ಕೈಗೆ ಬಂದ ಸಂಜೆ, ಅವನು ಬಿದ್ದನು. ಮರುದಿನ ಅವನ ಹೆಂಡತಿ ಮಾತ್ರ ಮಕ್ಕಳನ್ನು ಕರಕೊಂಡು ದೇವಾಲಯಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂತಳು. ಮಧ್ಯಾಹ್ನ ನಾವು ಅವನಲ್ಲಿಗೆ ಹೋಗಿ, "ನಿನ್ನ ನಂಬಿಕೆಯು ಸಾಲದೆ ಹೋಯಿತು. ನೀನು ಪ್ರಾರ್ಥನೆಯನ್ನು ಬಿಟ್ಟಿರಬೇಕು" ಎಂದು ಹೇಳಿದೆವು. ಅವನು ತಲೆಯೆತ್ತದೆ, "ಬಿಡಲಿಲ್ಲ, ಉಪದೇಶಿಗಳೇ. ಪ್ರಾರ್ಥನೆ ಮಾಡುತ್ತಲೇ ಗಡಂಗಿನ ಬಾಗಿಲಿನ ವರೆಗೆ ಹೋದೆ" ಎಂದನು.

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ವೇದಶಾಲೆಯಲ್ಲಿ ಪ್ರಾರ್ಥನೆಯ ವಿಷಯವಾಗಿ ಕಲಿತದ್ದೆಲ್ಲಾ ಆ ಜಗಲಿಯಲ್ಲಿ ಮರೆತುಹೋದಂತಾಯಿತು. ಉತ್ತರವನ್ನು ಹುಡುಕುತ್ತಾ ತಿರಿಗಿ ವೇದದ ಕಡೆಗೆ ಹೋದೆವು. ಅಲ್ಲಿ ದೊರಕಿದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇವೆ.

ಮೊದಲನೆಯದಾಗಿ, ಇಸ್ರಾಯೇಲ್ಯರು ಅರಣ್ಯದಲ್ಲಿ ತಿಂದ ಮನ್ನವನ್ನು ನೆನಪಿಗೆ ತರೋಣ. ವಿಮೋಚನಕಾಂಡದ ೧೬ನೆಯ ಅಧ್ಯಾಯದಲ್ಲಿ ಅದರ ವೃತ್ತಾಂತವುಂಟು. ಅವರು ಪ್ರತಿ ಮುಂಜಾನೆಯೂ ಆ ದಿನಕ್ಕೆ ಬೇಕಾದಷ್ಟನ್ನೇ ಕೂಡಿಸಿಕೊಳ್ಳಬೇಕಾಗಿತ್ತು. ನಾಳೆಗೆ ಇರಲೆಂದು ಇಟ್ಟುಕೊಂಡವರ ಪಾತ್ರೆಯಲ್ಲಿ ಅದು ಹುಳಬಿದ್ದು ನಾರಿತು. ಸಬ್ಬತ್ತಿನ ಹಿಂದಿನ ದಿನವೊಂದನ್ನು ಬಿಟ್ಟು, ಯಾರೂ ಅದನ್ನು ಕೂಡಿಡಲಾರದೆ ಹೋದರು. ನಮ್ಮ ಕರ್ತನೂ ಶಿಷ್ಯರಿಗೆ ಪ್ರಾರ್ಥಿಸಲು ಕಲಿಸಿದಾಗ ವರುಷದ ಧಾನ್ಯಕ್ಕಾಗಿ ಬೇಡಲು ಹೇಳಲಿಲ್ಲ. ಆ ಹೊತ್ತಿನ ಆಹಾರಕ್ಕಾಗಿ ಬೇಡಲು ಹೇಳಿದನು. ದೇವರು ಕೊಡುವ ಬಲವೂ ಇಂಥದ್ದೇ. ಅದು ಕಣಜದಲ್ಲಿ ತುಂಬಿಡುವ ಭತ್ತವಲ್ಲ. ನಮ್ಮ ಸಹೋದರನು ವರುಷದ ಕಡೇ ರಾತ್ರಿಯಲ್ಲಿ ಹೊಂದಿದ ಬಲವು ಸುಳ್ಳಲ್ಲ; ಅದು ಆ ರಾತ್ರಿಯ ಮನ್ನವಾಗಿತ್ತು. ಅದರಿಂದಲೇ ಜೀವಮಾನವೆಲ್ಲಾ ನಡಿಯಬಹುದೆಂದು ಅವನಿಗೆ ತಿಳಿಸಿದವರು ನಾವು.

ಇದಕ್ಕೆ ಪೌಲನ ಮುಳ್ಳನ್ನೂ ಸೇರಿಸಬೇಕು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ೧೨ನೆಯ ಅಧ್ಯಾಯದಲ್ಲಿ, ಅದನ್ನು ತೆಗೆದುಬಿಡಬೇಕೆಂದು ಮೂರು ಸಾರಿ ಬೇಡಿಕೊಂಡೆನೆಂದು ಅಪೊಸ್ತಲನು ಹೇಳುತ್ತಾನೆ. ಮುಳ್ಳು ಹೋಗಲಿಲ್ಲ, ಅದನ್ನು ಹೊತ್ತು ನಡಿಯುವದಕ್ಕೆ ಸಾಕಾಗುವ ಕೃಪೆಯು ದೊರಕಿತು. ಕೆಲವರಿಗೆ ಪ್ರಾರ್ಥಿಸಿದ ಕೂಡಲೇ ದಾಹವು ಅಡಗುವದುಂಟು, ಅಂಥವರು ಸ್ತೋತ್ರಮಾಡಲಿ. ಬಹು ಮಂದಿಗೆ ಅದು ವರುಷಗಟ್ಟಲೆ ಉಳಿಯುವದು. ಬಾಟ್ಲಿಯ ವಾಸನೆ, ಹಳೇ ಗೆಳೆಯನ ಕರೆ, ಕೂಲಿ ಸಿಕ್ಕುವ ಹೊತ್ತು, ಇವು ಅದನ್ನು ಎಬ್ಬಿಸುವವು. ದಾಹವು ಏಳುವದೇ ಬೀಳುವದಲ್ಲ. ನನಗೆ ಇನ್ನೂ ಆಶೆಯಾಗುತ್ತದೆ, ಆದಕಾರಣ ದೇವರು ನನ್ನನ್ನು ಕೈಬಿಟ್ಟನೆಂದು ಹೇಳುವವನು ತಪ್ಪಾಗಿ ಹೇಳುತ್ತಾನೆ. ದಾಹವುಳ್ಳವನಾಗಿ ಈ ಹೊತ್ತು ಕುಡಿಯದೆ ಮಲಗಿದವನು ಪ್ರಾರ್ಥನೆಗೆ ಉತ್ತರವನ್ನು ಹೊಂದಿದವನೇ.

ಎರಡನೆಯದಾಗಿ, ಅವನು ಗಡಂಗಿನ ದಾರಿಯಲ್ಲಿ ಒಬ್ಬನೇ ಪ್ರಾರ್ಥಿಸಿದನು. ಗೆತ್ಸೇಮನೆ ತೋಟದಲ್ಲಿ ನಮ್ಮ ಕರ್ತನು ಒಬ್ಬನೇ ಪ್ರಾರ್ಥಿಸಬೇಕೆಂದಿರಲಿಲ್ಲ. ಮೂವರು ಶಿಷ್ಯರನ್ನು ಹತ್ತಿರ ಕರಕೊಂಡು ಹೋಗಿ, ತನ್ನ ಸಂಗಡ ಎಚ್ಚರವಾಗಿರಬೇಕೆಂದು ಕೇಳಿಕೊಂಡನು. ಅವರು ನಿದ್ರೆಮಾಡಿದರು. ದೇವಕುಮಾರನೇ ಶೋಧನೆಯ ವೇಳೆಯಲ್ಲಿ ಜೊತೆಗಾರರನ್ನು ಬಯಸಿದ್ದಾದರೆ, ಅಡಿಕೆ ತೋಟದ ಕೂಲಿಯವನು ಒಬ್ಬನೇ ನಿಲ್ಲಬೇಕೆಂದು ನಾವು ಹೇಗೆ ಹೇಳಿದೆವು? ಯಾಕೋಬನು ತನ್ನ ಪತ್ರಿಕೆಯ ೫ನೆಯ ಅಧ್ಯಾಯದಲ್ಲಿ ಪ್ರಾರ್ಥನೆಯನ್ನೂ ಒಬ್ಬರಿಗೊಬ್ಬರು ತಪ್ಪನ್ನು ಒಪ್ಪಿಕೊಳ್ಳುವದನ್ನೂ ಒಂದೇ ಉಸುರಿನಲ್ಲಿ ಹೇಳುತ್ತಾನೆ. ನಾವು ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟಿದ್ದೇವೆ.

ಇದಕ್ಕೆ ದೂರದೇಶದ ಒಂದು ಸಂಗತಿಯನ್ನು ಹೇಳುವೆವು. ಅಮೇರಿಕ ದೇಶದ ಓಹಾಯೋ ಸೀಮೆಯ ಅಕ್ರಾನ್ ಪಟ್ಟಣದಲ್ಲಿ ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯನಿದ್ದನು. ಅವನು ಸುಮಾರು ಎರಡೂವರೆ ವರ್ಷ ಒಂದು ಕ್ರೈಸ್ತ ಪ್ರಾರ್ಥನಾಕೂಟಕ್ಕೆ ಹೋಗುತ್ತಿದ್ದರೂ ಕುಡಿಯುತ್ತಲೇ ಇದ್ದನು. ೧೯೩೫ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬವನು ವ್ಯಾಪಾರಕಾರ್ಯಕ್ಕಾಗಿ ಆ ಊರಿಗೆ ಬಂದನು. ಅವನೂ ಕುಡುಕನಾಗಿದ್ದು ಕೆಲವೇ ತಿಂಗಳುಗಳ ಹಿಂದೆ ಬಿಟ್ಟವನು. ಬಂದ ಕಾರ್ಯವು ಕೆಟ್ಟು, ಹೊಟೇಲಿನಲ್ಲಿ ಒಬ್ಬನೇ ನಿಂತಿರುವಾಗ ಪಕ್ಕದ ಪಾನಶಾಲೆಯ ಗದ್ದಲವು ಅವನನ್ನು ಎಳೆಯಿತು. ಆಗ ಅವನು ಆ ಬಾಗಿಲಿಗೆ ಹೋಗದೆ, ಊರಿನ ಒಬ್ಬ ಪಾದ್ರಿಗೆ ಟೆಲಿಫೋನು ಮಾಡಿ, ತಾನು ಮಾತಾಡಬಹುದಾದ ಒಬ್ಬ ಕುಡುಕನನ್ನು ತೋರಿಸಿರೆಂದು ಕೇಳಿಕೊಂಡನು. ಹೀಗೆ ಅವರಿಬ್ಬರೂ ಕೂಡಿದರು. ವೈದ್ಯನು ಅನಂತರವೂ ಒಂದು ಸಾರಿ ಬಿದ್ದನು. ವಿಲ್ಸನನು ಅವನನ್ನು ಬಿಡಲಿಲ್ಲ. ೧೯೩೫ರ ಜೂನ್ ೧೦ರಂದು ಕುಡಿದದ್ದೇ ಅವನ ಕಡೇ ಕುಡಿತವೆಂದು ಹೇಳುತ್ತಾರೆ. ೧೯೫೦ರಲ್ಲಿ ಸಾಯುವ ವರೆಗೂ ಮುಟ್ಟಲಿಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟವು ಹೀಗೆ ಹುಟ್ಟಿತು. ಅದು ಕ್ರೈಸ್ತರಿಗೆ ಮಾತ್ರ ಸೇರಿದ್ದಲ್ಲ. ನಮ್ಮ ದೇಶದಲ್ಲಿಯೂ ಅದರ ಕೂಟಗಳು ಕೂಡುತ್ತವೆ. ನಾವು ಗಮನಿಸಬೇಕಾದದ್ದು ಇದು: ಆ ಹೊಟೇಲಿನಲ್ಲಿ ವಿಲ್ಸನನಿಗೆ ಬಂದ ಬಲವು, ನಾನು ಒಬ್ಬನೇ ನಿಲ್ಲಲಾರೆನೆಂದು ಒಪ್ಪಿಕೊಳ್ಳುವ ಬಲವೇ ಆಗಿತ್ತು.

ಮೂರನೆಯದಾಗಿ, ವೈದ್ಯನ ವಿಷಯ. ಇಲ್ಲಿ ನಮ್ಮ ತಪ್ಪನ್ನು ಮರೆಮಾಡುವದಿಲ್ಲ. ನಮ್ಮ ಸಹೋದರನು ಪ್ರಮಾಣಮಾಡಿದ ಮೇಲಿನ ಮೂರು ದಿನ ನಡುಗುತ್ತಾ ಬೆವರುತ್ತಾ ಮಲಗಿದ್ದನು. ಆತ್ಮದ ಹೋರಾಟವಿದೆಂದು ಹೇಳಿ ನಾವು ಪ್ರಾರ್ಥಿಸಿ ಹಿಂದಿರುಗಿದೆವು. ಬಹುಕಾಲ ಮಿತಿಮೀರಿ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಕೆಲವು ತಾಸುಗಳೊಳಗೆ ಕೈನಡುಕ ಹುಟ್ಟುವದೆಂದೂ, ಮೊದಲಿನ ಎರಡು ದಿನಗಳಲ್ಲಿ ಕೆಲವರಿಗೆ ಅಪಸ್ಮಾರದಂತೆ ಸೆಳವು ಬರುವದೆಂದೂ, ಎರಡು ಮೂರು ದಿನಗಳಾದ ಮೇಲೆ ಕೆಲವರು ಸನ್ನಿಹಿಡಿದು ಇಲ್ಲದ್ದನ್ನು ಕಾಣುವರೆಂದೂ, ಇದರಿಂದ ಪ್ರಾಣವು ಹೋಗಬಹುದೆಂದೂ ಆಮೇಲೆ ವೈದ್ಯರಿಂದ ತಿಳಿದು ಬೆದರಿದೆವು. ಆಸ್ಪತ್ರೆಯಲ್ಲಿ ಇದಕ್ಕೆ ಔಷಧವುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಿಗಳಿಗಾಗಿಯೇ ಒಂದು ವಿಭಾಗವುಂಟು. ಜಿಲ್ಲಾಸ್ಪತ್ರೆಯ ಮನೋವೈದ್ಯರೂ ಇದನ್ನು ನೋಡುತ್ತಾರೆ. ಔಷಧ ತಕ್ಕೊಳ್ಳುವದು ಅಪನಂಬಿಕೆಯೋ? ಪೌಲನ ಸಂಗಡ ಪ್ರಯಾಣಮಾಡಿದ ಲೂಕನು ವೈದ್ಯನಾಗಿದ್ದನು. ಪ್ರಾರ್ಥಿಸಿ ಬಿತ್ತುವವನು ನೇಗಿಲನ್ನು ಬಿಡುವದಿಲ್ಲ.

ನಮ್ಮ ಪೂರ್ವಿಕರೂ ಇದನ್ನು ಬಲ್ಲವರಾಗಿದ್ದರು. ಬಾಸೆಲ್ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದ ಮೇಲೆ ಆ ಸೀಮೆಯಲ್ಲಿ ಕ್ರಿಸ್ತನನ್ನು ನಂಬಿದವರಲ್ಲಿ ಬಹು ಮಂದಿ ಬಿಲ್ಲವರು. ಕಳ್ಳು ಇಳಿಸುವದು ಅವರಲ್ಲಿ ಅನೇಕರ ಕಸುಬು. ಸಭೆಗೆ ಸೇರಿದವರು ಆ ಕಸುಬನ್ನು ಬಿಡಬೇಕಾಯಿತು. ಬಿಟ್ಟವರು ಊಟಕ್ಕೆ ಏನು ಮಾಡಬೇಕು? ಪ್ರಾರ್ಥಿಸಿರಿ ಎಂದು ಮಾತ್ರ ಹೇಳಿ ಅವರನ್ನು ಕಳುಹಿಸಲಿಲ್ಲ. ನೇಯಿಗೆಯ ಮಗ್ಗಗಳು ಬಂದವು. ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯೂ ಹುಟ್ಟಿತು. ಹಳೇ ದಾರಿಯನ್ನು ಬಿಡು ಎನ್ನುವವನು ಹೊಸ ದಾರಿಯಲ್ಲಿ ಕೈಹಿಡಿದು ನಡಿಸಬೇಕೆಂಬದನ್ನು ಆ ಹೆಂಚುಗಳು ಈಗಲೂ ನಮಗೆ ಹೇಳುತ್ತವೆ.

ಹೀಗಾದರೆ ಪಾಪವು ಹಗುರವಾಗುವದಿಲ್ಲವೋ ಎಂದು ಕೆಲವರು ಕೇಳುವರು. ನ್ಯಾಯವಾದ ಪ್ರಶ್ನೆ. ಕುಡಿತವು ರೋಗವೆಂದು ವೈದ್ಯರು ಹೇಳಿದಾಕ್ಷಣ ಮಕ್ಕಳ ಹಸಿವು ತೀರುವದಿಲ್ಲ. ರೋಗಿಯಾದವನೂ ತಾನು ಮಾಡಿದ ಕೇಡಿಗೆ ಉತ್ತರಕೊಡಬೇಕು, ಸಾಲವನ್ನು ತೀರಿಸಬೇಕು, ಹೆಂಡತಿಮಕ್ಕಳ ಮುಂದೆ ತಗ್ಗಬೇಕು. ಹೆಂಡತಿಯಾದವಳು ಕ್ಷಮಿಸಬೇಕೆಂದರೆ ಪೆಟ್ಟು ತಿಂದು ಸುಮ್ಮನಿರಬೇಕೆಂದು ಅರ್ಥವಲ್ಲ. ಕೈಯೆತ್ತುವವನ ಮನೆಯಿಂದ ಅವಳೂ ಮಕ್ಕಳೂ ಬೇರೆ ಕಡೆ ಇರಬೇಕಾದರೆ ಸಭೆಯು ಅವಳ ಪಕ್ಷದಲ್ಲಿ ನಿಲ್ಲಲಿ. ಆದರೆ ಬಿದ್ದವನನ್ನು ನಾಚಿಕೆಯಲ್ಲಿ ಮುಳುಗಿಸುವದರಿಂದ ಪಾಪವು ಭಾರವಾಗುವದಿಲ್ಲ. ಗಡಂಗಿನ ದಾರಿಯು ಹತ್ತಿರವಾಗುವದು, ಅಷ್ಟೇ. ಯಾಕಂದರೆ ಅಲ್ಲಿ ಮಾತ್ರ ಅವನನ್ನು ಯಾರೂ ನಾಚಿಕೆಪಡಿಸುವದಿಲ್ಲ.

ಆದಕಾರಣ ಸಭೆಗಳಿಗೆ ಕೆಲವು ಬಿನ್ನಹಗಳು. ಜೀವಮಾನದ ಪ್ರಮಾಣವನ್ನು ಯಾರಿಂದಲೂ ಅವಸರದಿಂದ ಕೇಳಬೇಡಿರಿ; ಈ ಹೊತ್ತಿನ ಬಲಕ್ಕಾಗಿ ಮುಂಜಾನೆ ಅವನೊಡನೆ ಪ್ರಾರ್ಥಿಸಿರಿ. ಕೂಲಿ ಸಿಕ್ಕುವ ಸಂಜೆ ಅವನ ಮನೆಯ ದಾರಿಯಲ್ಲಿ ಜೊತೆಯಾಗಿ ನಡಿಯಿರಿ. ಕರ್ತನ ಭೋಜನದ ಪಾತ್ರೆಯಲ್ಲಿ ಹುಳಿಯದ ದ್ರಾಕ್ಷಾರಸವನ್ನೇ ಇಡಿರಿ. ಕೃಪೆಯ ಪಾತ್ರೆಯು ಅವನಿಗೆ ಶೋಧನೆಯಾಗಬಾರದು. ಅವನು ಬಿದ್ದನೆಂದು ಕೇಳಿದರೆ ಮರುದಿನವೇ ಹೋಗಿರಿ, ಬೈಯುವದಕ್ಕಲ್ಲ, ಆ ದಿನದ ಮನ್ನವನ್ನು ಒಟ್ಟಿಗೆ ಕೂಡಿಸುವದಕ್ಕೆ.

ಈಗ ಈ ಸಾಲುಗಳನ್ನು ಓದುತ್ತಿರುವ, ಚಟದಲ್ಲಿ ಸಿಕ್ಕಿರುವ ಸಹೋದರನೇ, ನಿನಗೆ ಎರಡು ಮಾತು. ನಿನ್ನ ಪ್ರಾರ್ಥನೆಯು ಚಿಕ್ಕದಾಗಿರಲಿ. ಈ ಸಂಜೆ ನಿನಗೆ ಕಷ್ಟವಾಗುವ ಗಳಿಗೆಯನ್ನು ಹೆಸರಿಟ್ಟು ದೇವರಿಗೆ ಹೇಳು. ಆ ಮೇಲೆ ಅದನ್ನೇ ಒಬ್ಬ ಮನುಷ್ಯನಿಗೂ ಹೇಳು. ಈ ಎರಡನೆಯದನ್ನು ಮಾಡಲು ಬೇಕಾದ ಧೈರ್ಯವನ್ನು ಮೊದಲನೆಯದರಲ್ಲಿ ಬೇಡಿಕೋ.

ನಮ್ಮ ಸಹೋದರನ ಸಂಗತಿಯನ್ನು ಹೇಳಿ ಮುಗಿಸುವೆವು. ಅವನನ್ನು ಆಸ್ಪತ್ರೆಗೆ ಕರಕೊಂಡು ಹೋದೆವು. ಕೆಲವು ದಿನ ಅಲ್ಲಿದ್ದು ಬಂದನು. ಆ ಮೇಲೆ ಇನ್ನೊಮ್ಮೆ ಬಿದ್ದನು, ಎದ್ದನು. ಈಗ ಶನಿವಾರದ ಕೂಲಿಯನ್ನು ತೋಟದ ಯಜಮಾನರು ಅವನ ಹೆಂಡತಿಯ ಕೈಗೆ ಕೊಡುತ್ತಾರೆ. ಹಾಗೆ ಕೇಳಿಕೊಂಡವನು ಅವನೇ. ಸಭೆಯ ಒಬ್ಬ ಹಿರಿಯರು ಅವನ ಜೊತೆಯಲ್ಲಿ ಬರುತ್ತಾರೆ. ಗಡಂಗಿನ ತಿರುವಿಗೆ ಬಂದಾಗ ಇಬ್ಬರೂ ಒಂದು ನಿಮಿಷ ನಿಂತು ಪ್ರಾರ್ಥಿಸಿ, ಮುಂದೆ ನಡಿಯುತ್ತಾರೆ. ಎಷ್ಟು ಕಾಲವಾಯಿತೆಂದು ಮೊನ್ನೆ ಕೇಳಿದಾಗ ಅವನು ಲೆಕ್ಕ ಹೇಳಲಿಲ್ಲ. "ಈ ಹೊತ್ತು ಇಲ್ಲ, ಉಪದೇಶಿಗಳೇ" ಎಂದನು. ಇಷ್ಟು ಉತ್ತರವು ನಮಗೆ ಸಾಕು. ನಾಳೆಯ ಮುಂಜಾನೆ ತಿರಿಗಿ ಬೇಡುವೆವು.