ಆಪತ್ಕಾಲದ ದಾಸೋಹ



ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಹಿರಿಯರು 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವವನ್ನು ಮರೆತಿಲ್ಲ. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿಯನ್ನು ಕಳಿಸಿ ಬಂದು ದಣಿದು ಮಲಗಿದ್ದ ಜನ. 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಲಾತೂರು ಜಿಲ್ಲೆಯ ಕಿಲ್ಲಾರಿ ಎಂಬ ಸಣ್ಣ ಪಟ್ಟಣ, ಸುತ್ತಲಿನ ಹಳ್ಳಿಗಳೊಡನೆ ಮಣ್ಣುಗೂಡಿತು. ಎಂಟರಿಂದ ಹತ್ತು ಸಾವಿರ ಜೀವಗಳು ಹೋದವು. 52 ಊರುಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಅಲ್ಲಿ ನಮ್ಮ ಲಿಂಗವಂತ ಮನೆತನಗಳು ಬಹಳ. ಬೀಗರು, ನೆಂಟರು ಅನೇಕರು.

ಆಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಇದು ಯಾರ ಪಾಪದ ಫಲ? ಈ ಪ್ರಶ್ನೆ ಈಗಲೂ ಸತ್ತಿಲ್ಲ. ಆದರೆ ಶರಣರು ತಿಥಿ, ಶಕುನಗಳನ್ನೇ ನಂಬದವರು. ತೊಟ್ಟಿಲ ಕೂಸು ಯಾವ ಪಾಪ ಮಾಡಿತ್ತು? ಕೊಂದದ್ದು ಶಿವನ ಕೋಪವಲ್ಲ, ನಾವೇ ಕಟ್ಟಿದ ಗೋಡೆ. ಎರಡು ಮೂರು ಅಡಿ ದಪ್ಪದ ಗೋಡೆ, ಒಳಗೆ ಉರುಟು ಕಲ್ಲು ಮತ್ತು ಕೆಸರು; ಹೊರಮೈಯನ್ನೂ ಒಳಮೈಯನ್ನೂ ಕೂಡಿಸಿ ಹಿಡಿಯುವ ಉದ್ದಗಲ್ಲು ಇಲ್ಲ. ಸೋರಬಾರದೆಂದು ಮಾಳಿಗೆಯ ಮೇಲೆ ಮತ್ತೆ ಮತ್ತೆ ಹಾಕಿದ ಮಣ್ಣಿನ ಭಾರ ಬೇರೆ. ಬಡವರ ಹುಲ್ಲಿನ ಗುಡಿಸಲು ಎಷ್ಟೋ ಕಡೆ ನಿಂತವು. ಸ್ಥಿತಿವಂತರ ದಪ್ಪ ಗೋಡೆಯ ವಾಡೆಗಳು ಬಿದ್ದವು. 1992ರಲ್ಲೇ ಅಲ್ಲಿ ಸಣ್ಣ ಕಂಪನಗಳಾಗಿದ್ದವು. ದಖ್ಖನ್ನಿನ ಬಂಡೆ ಅಲುಗದು ಎಂಬ ನಂಬಿಕೆ ಎಲ್ಲರಲ್ಲಿತ್ತು.

ಇನ್ನು ನೆರವಿನ ಮಾತು. ದಾಸೋಹಕ್ಕೂ ದಾನಕ್ಕೂ ಅಂತರವಿದೆ. ದಾನದಲ್ಲಿ ಕೊಡುವವ ದೊಡ್ಡವ. ದಾಸೋಹದಲ್ಲಿ ಕೊಡುವವ ದಾಸ. ದಾಸನಾದವನು ಒಡೆಯನಿಗೆ ಏನು ಬೇಕೆಂದು ಮೊದಲು ಕೇಳಬೇಕು. ನಾವು ಕೇಳುತ್ತೇವೆಯೇ?

ಇಲ್ಲಿ ನಮ್ಮದೇ ತಪ್ಪನ್ನು ಒಪ್ಪಿಕೊಳ್ಳಬೇಕು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದಾಗ ಭಕ್ತರು ಕೊಟ್ಟ ಬಟ್ಟೆಬರೆಗಳನ್ನು ಟೆಂಪೋ ತುಂಬಿಸಿಕೊಂಡು ಹೋದೆವು. ಒಬ್ಬ ಅಜ್ಜಿ ಸೀರೆಯ ಗಂಟನ್ನು ಮುಟ್ಟಲೂ ಇಲ್ಲ. "ಯಪ್ಪಾ, ಸೀರಿ ಕೊಟ್ಟೋರು ನಾಕ್ ಮಂದಿ ಆದ್ರು. ಒಲಿ ಹಚ್ಚಾಕ ಒಣಾ ಕಟಗಿ ತಂದೀರೇನು?" ಎಂದಳು. ಅವಳ ಮನೆಯಲ್ಲಿ ಕೊಟ್ಟ ಜೋಳದ ಹಿಟ್ಟಿತ್ತು, ಬೆಂಕಿ ಇರಲಿಲ್ಲ. ಮಠಕ್ಕೆ ಮರಳಿ ವಹಿ ತೆರೆದು ನೋಡಿದೆವು. ಜಮೆ ಬಾಜುವಿನಲ್ಲಿ ಯಾರು ಎಷ್ಟು ಕೊಟ್ಟರೆಂಬುದು ಪೈಸೆಪೈಸೆಗೆ ಇತ್ತು. ಯಾರಿಗೆ ಏನು ಬೇಕಿತ್ತು ಎಂದು ಬರೆಯುವ ಅಂಕಣವೇ ಇರಲಿಲ್ಲ. ಇಷ್ಟು ವರ್ಷ ಲೆಕ್ಕ ಬರೆದವರಿಗೆ ಆ ರಾತ್ರಿ ತಲೆ ಎತ್ತಲಾಗಲಿಲ್ಲ.

ಆಗ ನೆನಪಾದವಳು ಆಯ್ದಕ್ಕಿ ಲಕ್ಕಮ್ಮ. ಪತಿ ಮಾರಯ್ಯ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಹೆಚ್ಚು ತಂದ. ತಾಯಿ ಲಕ್ಕಮ್ಮ ಹಿಗ್ಗಲಿಲ್ಲ. ಬೇಕಾದಷ್ಟನ್ನು ಉಳಿಸಿ ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾ ಎಂದಳು. ಇದನ್ನು ಕೇವಲ ಬಡತನದ ಕಥೆಯೆಂದು ತಿಳಿಯಬಾರದು, ಇದು ಅಳತೆಯ ಪಾಠ. ಬೇಡದೆಡೆ ಸುರಿದ ಹೆಚ್ಚಿನ ಅಕ್ಕಿ ಎಂದರೆ ಬೇಕಾದೆಡೆ ಕಡಿಮೆಯಾದ ಅಕ್ಕಿ.

ಕಿಲ್ಲಾರಿಯೂ ಇದನ್ನೇ ಕಲಿಸಿತು. ಹೊಸ ಊರುಗಳನ್ನು ನೇರ ಗೆರೆ ಎಳೆದಂತೆ ಕಟ್ಟಿದರು. ಮನೆಗಳು ಭದ್ರವಾದವು, ಆದರೆ ಓಣಿಯ ನೆರೆಹೊರೆ ಚದುರಿತು. ಹೊಲ ದೂರವಾಯಿತು ಎಂದು ಹಲವರು ಕೊರಗಿದರು. ಅದೇ ಯೋಜನೆಯಲ್ಲಿ ಹಾನಿ ಕಡಿಮೆಯಾದ ಹಳ್ಳಿಗಳ ದುರಸ್ತಿಗೆ ಮನೆಯವರ ಕೈಗೇ ಹಣ ಕೊಟ್ಟು ಅವರಿಂದಲೇ ಕೆಲಸ ಮಾಡಿಸಲಾಯಿತು. ಊರಿನ ಹೆಣ್ಣುಮಕ್ಕಳು 'ಸಂವಾದ ಸಹಾಯಕ'ರಾಗಿ ಮನೆಮನೆಗೆ ಹೋಗಿ ತಿಳಿಹೇಳಿದರು. ಕಾಯಕ ಕೂಡಿದ ನೆರವು ಬಾಳಿಕೆ ಬರುತ್ತದೆ.

ಆದ್ದರಿಂದ ಭಕ್ತರಲ್ಲಿ ನಾಲ್ಕು ಬಿನ್ನಹ. ಒಂದು, ಹಳೆಯ ಮಾಳಿಗೆ ಮನೆಯಿದ್ದವರು ತಿಳಿದ ಗೌಂಡಿಯನ್ನು ಕರೆಸಿ ಗೋಡೆ ಪರೀಕ್ಷಿಸಿರಿ. ಹೆಚ್ಚಿನ ಮಣ್ಣನ್ನು ಇಳಿಸಿರಿ. 2002ರ ಪರಿಷ್ಕೃತ ಭೂಕಂಪ ನಕ್ಷೆ ಲಾತೂರು ಭಾಗವನ್ನು ಮೂರನೆಯ ವಲಯಕ್ಕೆ ಏರಿಸಿತೆಂಬುದು ನೆನಪಿರಲಿ. ಎರಡು, ನದಿದಂಡೆಯ ಊರುಗಳಲ್ಲಿ ವೃದ್ಧರು, ಬಾಣಂತಿಯರು, ನಡೆಯಲಾರದವರು ಯಾರೆಂದು ಮಳೆಗಾಲಕ್ಕೆ ಮುಂಚೆಯೇ ಪಟ್ಟಿ ಮಾಡಿರಿ. ಯಾರನ್ನು ಯಾರು ಎತ್ತಿ ಒಯ್ಯಬೇಕೆಂಬುದೂ ಅದರಲ್ಲಿರಲಿ. ಮೂರು, ಕೇಳದೆ ಏನನ್ನೂ ಕಳಿಸಬೇಡಿರಿ. ನಾಲ್ಕು, ನೆರವಿನ ಲೆಕ್ಕವನ್ನು ಪಡೆದವರ ಎದುರಿಗೇ ಓದಿರಿ.

ಶ್ರೀಮಠದ ವಹಿಯಲ್ಲಿ ಈಗ ಮೊದಲ ಅಂಕಣದ ತಲೆಬರಹ 'ಏನು ಬೇಕು' ಎಂದಿದೆ. ಜಮೆಯ ಅಂಕಣ ಅದರ ನಂತರ. ಅದನ್ನು ಆ ಅಜ್ಜಿಯೇ ಬರೆಸಿದಳೆಂದು ನಾವು ತಿಳಿದಿದ್ದೇವೆ.

ಬಸವಾದಿ ಶರಣರು ನಮಗೆ ಕೊಡುವ ಕೈಯ ಜೊತೆಗೆ ಕೇಳುವ ಕಿವಿಯನ್ನೂ ಕರುಣಿಸಲಿ.

ಶರಣಾರ್ಥಿಗಳೊಂದಿಗೆ,
ಕಾರ್ಯದರ್ಶಿ, ಶ್ರೀಮಠ