ಗರ್ಭದ ಕೂಸು ಸುಮ್ಮನಾದಾಗ



ಜಪಸರದ ಸಂತೋಷದ ರಹಸ್ಯಗಳಲ್ಲಿ ಎರಡನೆಯದನ್ನು ನಾವು ಎಷ್ಟು ಸಲ ಧ್ಯಾನಿಸಿಲ್ಲ! ಮಾತೆ ಮರಿಯಮ್ಮನವರ ವಂದನೆಯ ದನಿ ಕಿವಿಗೆ ಬಿದ್ದೊಡನೆ ಎಲಿಜಬೇತಮ್ಮನವರ ಗರ್ಭದಲ್ಲಿ ಶಿಶು ನಲಿದಾಡಿತೆಂದು ಸಂತ ಲೂಕರು ಬರೆದಿದ್ದಾರೆ. ಆ ಮಿಸುಕಾಟ ಮೊದಲು ಯಾರಿಗೆ ತಿಳಿಯಿತು? ಯಾಜಕರೂ ಮನೆಯ ಯಜಮಾನರೂ ಆಗಿದ್ದ ಜಕರೀಯರಿಗಲ್ಲ. ಅವರಿಗೆ ಆಗ ಮಾತೇ ನಿಂತಿತ್ತು. ಹೊತ್ತ ತಾಯಿಗೆ ತಿಳಿಯಿತು. ಆಕೆ ಬಾಯಿಬಿಟ್ಟು ಹೇಳಿದರು, ಕೇಳಿದವರು ನಂಬಿದರು.

ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಮನೆಗಳಲ್ಲಿ ಏನಾಗುತ್ತದೆ? ದಿನ ತುಂಬಿದ ಬಸುರಿ, "ಯವ್ವಾ, ನಿನ್ನೆಯಿಂದ ಕೂಸು ಹೊಳ್ಳಾಡವಲ್ದು" ಎನ್ನುತ್ತಾಳೆ. "ಒಂಬತ್ತು ತುಂಬ್ಯಾವ, ಕೂಸಿಗೆ ಜಾಗ ಸಾಲವಲ್ದು, ಅದಕ್ಕ ಸುಮ್ಮನದ" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಮಾತು ಸರಿಯಲ್ಲ. ದಿನ ತುಂಬಿದಂತೆ ಒದೆಯುವ ಬಗೆ ಬದಲಾಗಬಹುದು, ಒದ್ದಂತೆ ಅನಿಸದೆ ಹೊರಳಿದಂತೆ ಅನಿಸಬಹುದು. ಮಿಸುಕಾಟ ಕಡಿಮೆಯಾಗಬಾರದು. ಹೆರಿಗೆ ನೋವು ಶುರುವಾಗುವವರೆಗೂ, ನೋವಿನ ನಡುವೆಯೂ ಕೂಸು ಮಿಸುಕುತ್ತಲೇ ಇರಬೇಕು. ಗರ್ಭದ ಕೂಸು ಮಲಗುವುದೂ ಉಂಟು. ಆದರೆ ಆ ನಿದ್ದೆ ಸಾಮಾನ್ಯವಾಗಿ 20ರಿಂದ 40 ನಿಮಿಷ, 90 ನಿಮಿಷ ಮೀರುವುದು ಅಪರೂಪ. ಹಗಲೆಲ್ಲಾ ನಿದ್ದೆ ಎಂಬುದಿಲ್ಲ.

ಅನುಮಾನ ಬಂದರೆ ಎಡಮಗ್ಗುಲಾಗಿ ಮಲಗಿ, ಬೇರೆ ಕೆಲಸ ಬಿಟ್ಟು, ಎರಡು ಗಂಟೆ ಎಣಿಸಿರಿ. 10 ಸಲ ಮಿಸುಕದಿದ್ದರೆ ಹೊರಡಿರಿ. ಒಂದೂ ಮಿಸುಕಾಟ ತಿಳಿಯದಿದ್ದರೆ ಎರಡು ಗಂಟೆ ಕಾಯುವುದೂ ಬೇಡ. ಸಕ್ಕರೆ ನೀರು ಕುಡಿದು ನೋಡೋಣ, ಅಮಾವಾಸ್ಯೆ ಕಳೆಯಲಿ, ಬೆಳಗಾಗಲಿ ಎನ್ನಬೇಡಿರಿ. (ಅಮಾವಾಸ್ಯೆಯನ್ನು ನಾವು ಕ್ರೈಸ್ತರೂ ಎಣಿಸುತ್ತೇವೆಂಬುದು ಗುರುಗಳಿಗೆ ಗೊತ್ತಿಲ್ಲದ್ದಲ್ಲ.) ಊರಿನ ಡಾಕ್ಟರು ಹೊಟ್ಟೆಗೆ ಯಂತ್ರ ಇಟ್ಟು "ಎದೆಬಡಿತ ಕೇಳಿಸ್ತದ, ಹೋಗು" ಎಂದರೆ ಅಷ್ಟು ಸಾಲದು. ಬಡಿತ ಇದೆ ಎಂದ ಮಾತ್ರಕ್ಕೆ ಕೂಸು ಕ್ಷೇಮವೆಂದಲ್ಲ. ಬಡಿತದ ಗತಿಯನ್ನು 20 ನಿಮಿಷವಾದರೂ ಯಂತ್ರದಲ್ಲಿ ದಾಖಲಿಸಿ ನೋಡಬೇಕು; ರಕ್ತದೊತ್ತಡ ನೋಡಬೇಕು; ಅಗತ್ಯವಿದ್ದರೆ ಸ್ಕ್ಯಾನಿಂಗ್ ಮಾಡಿ ಕೂಸಿನ ಬೆಳವಣಿಗೆ, ಸುತ್ತಲಿನ ನೀರು ಎಷ್ಟಿದೆ ಎಂದು ತಿಳಿಯಬೇಕು.

ಮರಿಯಮ್ಮನವರು ಗುಡ್ಡಗಾಡಿನ ಊರಿಗೆ ಅವಸರದಿಂದ ಹೋದರೆಂದು ಲೂಕರು ಹೇಳುತ್ತಾರೆ. ಹೋಗುವುದರಲ್ಲಿ ನಮಗೂ ಆ ಅವಸರವಿರಲಿ. ಆಸ್ಪತ್ರೆಗೆ ಹೋದ ಮೇಲೆ ತೀರ್ಮಾನದಲ್ಲಿ ಅವಸರ ಬೇಡ. ನಮ್ಮಲ್ಲಿ ಇದು ತಿರುವುಮುರುವಾಗಿದೆ. ಹೋಗಲು ಎರಡು ದಿನ ತಡ ಮಾಡುತ್ತೇವೆ, ಹೋದ ಮೇಲೆ "ಈಗಲೇ ನೋವು ಬರಿಸಿ ಹೆರಿಗೆ ಮಾಡಿಸಿಬಿಡ್ರಿ" ಎಂದು ವೈದ್ಯರ ಬೆನ್ನು ಹತ್ತುತ್ತೇವೆ. ಇಲ್ಲವೇ, ವೈದ್ಯರು ಬೇಕೆಂದರೂ ಬೇಡವೆಂದು ಮನೆಗೆ ಕರೆತರುತ್ತೇವೆ.

ಮಿಸುಕಾಟ ಒಂದು ಸಲ ಕಡಿಮೆಯಾದ ತಾಯಂದಿರಲ್ಲಿ 100ಕ್ಕೆ ಸುಮಾರು 70 ಮಂದಿಗೆ ಮುಂದೆ ಯಾವ ತೊಡಕೂ ಆಗುವುದಿಲ್ಲ. ತಪಾಸಣೆ ಎಲ್ಲವೂ ಸರಿಯಿದ್ದು, ಮಿಸುಕಾಟ ಮರಳಿ ಬಂದು, ಇನ್ನೂ 39 ವಾರ ತುಂಬಿಲ್ಲವೆಂದರೆ ಸಾಮಾನ್ಯವಾಗಿ ಕಾಯುವುದೇ ಲೇಸು. ಬೇಗ ಹುಟ್ಟಿದ ಕೂಸಿಗೆ ಉಸಿರಾಟದ ತೊಂದರೆ ಹೆಚ್ಚು. 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ 4 ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಅಧ್ಯಯನ ಪ್ರಕಟವಾಯಿತು. ತಾಯಂದಿರಿಗೆ ತಿಳಿವಳಿಕೆ ಕೊಟ್ಟು, ಮಿಸುಕಾಟ ಕಡಿಮೆಯಾದವರನ್ನು ಬೇಗ ಹೆರಿಗೆ ಮಾಡಿಸುವ ಕಡೆಗೆ ನಡೆಸಿದಾಗ ನೋವು ಬರಿಸುವುದೂ ಸಿಸೇರಿಯನ್ನೂ ಹೆಚ್ಚಾದವು. ಸತ್ತು ಹುಟ್ಟುವ ಕೂಸುಗಳು ಎಣಿಸುವಷ್ಟು ಕಡಿಮೆಯಾಗಲಿಲ್ಲ.

ಆದರೆ 39 ವಾರ ದಾಟಿದ್ದರೆ ತಕ್ಕಡಿ ಬೇರೆ ಕಡೆ ವಾಲುತ್ತದೆ. ಮಿಸುಕಾಟ ಎರಡನೆಯ ಸಲ, ಮೂರನೆಯ ಸಲ ಕಡಿಮೆಯಾದರೆ, ಕೂಸು ಬೆಳೆದಿಲ್ಲವೆಂದರೆ, ನೀರು ಕಡಿಮೆ ಇದ್ದರೆ, ಬಿ.ಪಿ. ಏರಿದ್ದರೆ, ಆಗ ವೈದ್ಯರು ನೋವು ಬರಿಸೋಣವೆಂದರೆ ಒಪ್ಪುವುದು ಜಾಣತನ. "ನೋವು ಬರಿಸಿದರೆ ಕೊಯ್ಯೋದೇ" ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಅದೇ 2018ರಲ್ಲಿ ಅಮೆರಿಕದಲ್ಲಿ 6,000ಕ್ಕೂ ಹೆಚ್ಚು ಆರೋಗ್ಯವಂತ ಚೊಚ್ಚಲ ಬಸುರಿಯರನ್ನು ಗಮನಿಸಿದ ಅಧ್ಯಯನದಲ್ಲಿ, 39 ವಾರಕ್ಕೆ ನೋವು ಬರಿಸಿದವರಲ್ಲಿ ಶೇಕಡಾ 18.6, ಕಾದವರಲ್ಲಿ ಶೇಕಡಾ 22.2 ಸಿಸೇರಿಯನ್ ಆಯಿತು. ಒಳ್ಳೆಯ ಆಸ್ಪತ್ರೆಗಳ ಲೆಕ್ಕ ಅದು, ನಿಜ. ಆದ್ದರಿಂದಲೇ ಎಲ್ಲಿ ಎಂಬ ಪ್ರಶ್ನೆ ದೊಡ್ಡದು. ಮಸ್ಕಿಯವರು ಒಂದು ಕಡೆ ಸಿಂಧನೂರಿಗೆ, ಇನ್ನೊಂದು ಕಡೆ ಲಿಂಗಸುಗೂರಿಗೆ ಹೋಗಬಹುದು. ಆ ಎರಡು ಊರಿನಿಂದಲೂ ರಾಯಚೂರು 80-90 ಕಿ.ಮೀ. ನೋವು ಬರಿಸಿದ ಮೇಲೆ ಹೆರಿಗೆಗೆ ಒಂದೆರಡು ದಿನ ಹಿಡಿಯಬಹುದು. ಈ ರಾತ್ರಿ ಅರಿವಳಿಕೆ ವೈದ್ಯರು ಇದ್ದಾರೆಯೇ, ರಕ್ತ ಸಿಗುತ್ತದೆಯೇ ಎಂದು ಮೊದಲೇ ಕೇಳಿರಿ. ಹಿಂದೆ ಸಿಸೇರಿಯನ್ ಆಗಿದ್ದರೆ ಅದನ್ನು ತಪ್ಪದೆ ಹೇಳಿರಿ, ಏಕೆಂದರೆ ನೋವು ಬರಿಸುವ ಕೆಲವು ಗುಳಿಗೆಗಳಿಂದ ಹಳೆಯ ಹೊಲಿಗೆಯ ಜಾಗ ಬಿರಿಯುವ ಅಪಾಯವಿದೆ. ತಾಯಿ ಕಾರ್ಡನ್ನೂ ಮೊದಲ ಸ್ಕ್ಯಾನಿಂಗ್ ಚೀಟಿಯನ್ನೂ ಒಯ್ಯಿರಿ. ವಾರದ ಲೆಕ್ಕ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಮನೆಯಲ್ಲಿ ಯಾರಿಂದಲಾದರೂ ನೋವಿನ ಸೂಜಿ ಹಾಕಿಸುವುದಂತೂ ಕೂಡದು. ಕೂಸಿನ ಉಸಿರು ಕಟ್ಟಬಹುದು, ತಾಯಿಯ ಗರ್ಭಕೋಶವೇ ಒಡೆಯಬಹುದು.

ಸಿಸೇರಿಯನ್ ಎಂದರೆ ಹೆದರುವವರನ್ನು ನಗಬೇಡಿರಿ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಹಲವರು ತೀರಿಕೊಂಡರು. ರಕ್ತನಾಳಕ್ಕೆ ಹಾಕುವ ಗ್ಲೂಕೋಸಿನಂಥ ದ್ರಾವಣದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ಆ ಮನೆಗಳ ಕಣ್ಣೀರು ಇನ್ನೂ ಆರಿರಲಾರದು. ಆದರೆ ಆ ಹೆದರಿಕೆಯಿಂದ ಮಿಸುಕದ ಕೂಸನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನೆಯಲ್ಲೇ ಕುಳಿತರೆ ಯಾರಿಗೆ ಉಪಕಾರ?

"ದೇವರು ಕೊಟ್ಟ ಗಳಿಗೆಗೇ ಹುಟ್ಟಬೇಕು, ನಾವು ಅವಸರಿಸಿದರೆ ಪಾಪವಲ್ಲವೇ" ಎಂದು ಕೇಳುವ ಭಕ್ತರಿದ್ದಾರೆ. ಪಾಪವಲ್ಲ. ಅಮೆರಿಕದ ಧರ್ಮಾಧ್ಯಕ್ಷರು ಕಥೋಲಿಕ ಆಸ್ಪತ್ರೆಗಳಿಗೆ ಕೊಟ್ಟ ನಿರ್ದೇಶನಗಳಲ್ಲಿ 49ನೆಯದು ಇದನ್ನೇ ಹೇಳುತ್ತದೆ: ಕೂಸು ಹೊರಗೆ ಬದುಕಬಲ್ಲಷ್ಟು ಬೆಳೆದ ಮೇಲೆ, ತಕ್ಕ ಕಾರಣವಿದ್ದರೆ ಹೆರಿಗೆ ಬರಿಸಬಹುದು. ನೋವು ತಿನ್ನುವುದೇ ಪುಣ್ಯವೆಂಬ ಮಾತಿಗೂ ವಿಶ್ವಗುರು ಹನ್ನೆರಡನೆಯ ಪಯಸ್ಸರು 1956ರಲ್ಲೇ ಉತ್ತರ ಕೊಟ್ಟರು. ಹೆರಿಗೆಯ ನೋವನ್ನು ತಗ್ಗಿಸುವುದು ದೇವರ ವಾಕ್ಯಕ್ಕೆ ವಿರುದ್ಧವಲ್ಲವೆಂದರು. "ತಕ್ಕ ಕಾರಣ" ಎಂಬುದನ್ನು ಮಾತ್ರ ನೆನಪಿಡಿರಿ. ಮಾವನಿಗೆ ರಜೆ ಇರುವ ದಿನ, ಹಬ್ಬದ ದಿನ, ಜೋಯಿಸರು ಹೇಳಿದ ಗಳಿಗೆ, ಇವು ಕಾರಣಗಳಲ್ಲ.

ತೀರ್ಮಾನ ಯಾರದು? ಗಂಡ ದುಡಿಯಲು ಬೆಂಗಳೂರಿಗೆ ಹೋಗಿರುತ್ತಾನೆ, ಹೆಣ್ಣುಮಗಳು ತವರಲ್ಲಿರುತ್ತಾಳೆ, ಎರಡೂ ಮನೆಯವರು ಒಬ್ಬರ ಮೇಲೊಬ್ಬರು ಹಾಕುತ್ತಾರೆ. 18 ತುಂಬಿದ ಹೆಣ್ಣುಮಗಳು ತನ್ನ ಚಿಕಿತ್ಸೆಗೆ ತಾನೇ ಸಹಿ ಹಾಕಬಹುದು. ಗಂಡ ಬಂದು ಸೇರಲೆಂದು ಕಾಯಬೇಕಿಲ್ಲ, ಫೋನಿನಲ್ಲಿ ಮಾತಾಡಿದರಾಯಿತು. ವಾಹನಕ್ಕೆ 108ಕ್ಕೆ ಹೇಳಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ ಉಚಿತವೆಂದು 2011ರಿಂದಲೇ ಕೇಂದ್ರದ ಯೋಜನೆಯಿದೆ. ಮರಿಯಮ್ಮನವರು ಎಲಿಜಬೇತಮ್ಮನವರ ಜೊತೆ ಸುಮಾರು ಮೂರು ತಿಂಗಳು ಇದ್ದರಲ್ಲವೇ? ಹೋದಾಗ ಆರನೆಯ ತಿಂಗಳು, ಹಾಗಾದರೆ ದಿನ ತುಂಬುವವರೆಗೂ ಜೊತೆಗಿದ್ದರು. ಧರ್ಮಕೇಂದ್ರದ ಮಹಿಳೆಯರು ರಾತ್ರಿ ಆಸ್ಪತ್ರೆಯಲ್ಲಿ ಒಬ್ಬ ಬಸುರಿಯ ಪಕ್ಕದಲ್ಲಿ ಕುಳಿತರೆ ಅದೂ ಜಪಸರವೇ.

ಇಷ್ಟೆಲ್ಲ ಮಾಡಿದರೂ ಕೆಲವು ಕೂಸುಗಳು ಉಳಿಯುವುದಿಲ್ಲ. ಆಗ "ನೀನೇ ಸರಿಯಾಗಿ ನೋಡಿಕೊಳ್ಳಲಿಲ್ಲ" ಎಂದು ತಾಯಿಯನ್ನು ಚುಚ್ಚಬೇಡಿರಿ. ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಶಿಶುಗಳ ರಕ್ಷಣೆಯ ಬಗ್ಗೆ ಭರವಸೆಗೆ ಆಧಾರವಿದೆಯೆಂದು ರೋಮಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ 2007ರಲ್ಲಿ ಪ್ರಕಟಿಸಿದೆ. ತಂದೆತಾಯಿ ಜ್ಞಾನಸ್ನಾನ ಕೊಡಿಸಲು ಬಯಸಿದ್ದ ಕೂಸಿಗೆ ಧರ್ಮಾಧ್ಯಕ್ಷರ ಅನುಮತಿಯಿಂದ ಧರ್ಮಸಭೆಯ ವಿಧಿಯಂತೆ ಅಂತ್ಯಸಂಸ್ಕಾರ ನಡೆಸಲು ಧರ್ಮಸಭೆಯ ಕಾನೂನಿನ 1183ನೆಯ ವಿಧಿ ಅವಕಾಶ ಕೊಡುತ್ತದೆ. ಆ ಕೂಸನ್ನು ರಾತ್ರೋರಾತ್ರಿ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬರಬೇಡಿರಿ. ಗುರುಗಳಿಗೆ ಹೇಳಿ ಕಳಿಸಿರಿ, ಬರುತ್ತಾರೆ.